ಗುಜರಿಯಿಂದ ತೆರೆಗೆ: ಹಳೆಯ ಯುದ್ಧವಿಮಾನಗಳ ಚಿತ್ರೀಕರಣ ಮತ್ತು ಉತ್ತರ ಬೆಂಗಳೂರಿನ ಕಾರ್ಯಾಗಾರಗಳು

1965ರ ಸೆಪ್ಟೆಂಬರ್ 7ರಂದು ಭಾರತೀಯ ವಾಯುಪಡೆಯ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ ನಡೆಸಿದವು. ಆ ದಾಳಿಗೆ ಹೊರಟವರಲ್ಲಿ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯನವರು ಮರಳಿ ಬರಲಿಲ್ಲ. ವೇಗದಲ್ಲಿ ತಮ್ಮ ವಿಮಾನಕ್ಕಿಂತ ಬಹಳ ಮುಂದಿದ್ದ ಎಫ್-104 ಸ್ಟಾರ್‌ಫೈಟರ್ ಒಂದನ್ನು ಅವರು ಎದುರಿಸಿ ಹೊಡೆದುರುಳಿಸಿದ್ದರೆಂಬ ಸಂಗತಿ ಬೆಳಕಿಗೆ ಬರಲು ವರ್ಷಗಳೇ ಹಿಡಿದವು. 1988ರಲ್ಲಿ ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು. ಈ ಪ್ರಸಂಗದಿಂದ ಪ್ರೇರಣೆ ಪಡೆದ ‘ಸ್ಕೈ ಫೋರ್ಸ್’ ಎಂಬ ಹಿಂದಿ ಚಲನಚಿತ್ರವು 2025ರ ಜನವರಿಯಲ್ಲಿ ತೆರೆಗೆ ಬಂದಿತು.

ಇಂತಹ ಚಿತ್ರವನ್ನು ತಯಾರಿಸಹೊರಟವರಿಗೆ ಎದುರಾಗುವ ಮೊದಲನೆಯ ತೊಡಕು ಕಥೆಯದೂ ಅಲ್ಲ, ನಟರದೂ ಅಲ್ಲ, ಸರಕಿನದು. ಮಿಸ್ಟೇರ್ ವಿಮಾನಗಳು 1957ರಿಂದ ಭಾರತಕ್ಕೆ ಬಂದು, 1973ರ ಹೊತ್ತಿಗೆ ಸೇವೆಯಿಂದ ನಿವೃತ್ತಿ ಹೊಂದಿದವು. ವಸ್ತುಸಂಗ್ರಹಾಲಯಗಳಲ್ಲಿ ನಿಂತಿರುವವುಗಳನ್ನು ಬಿಟ್ಟರೆ, ಹಾರುವ ಸ್ಥಿತಿಯಲ್ಲಿರುವ ಒಂದೇ ಒಂದು ಮಿಸ್ಟೇರ್ ಸಹ ದೇಶದಲ್ಲಿ ಉಳಿಯಲಿಲ್ಲ. ಆದುದರಿಂದ ಸರ್ಗೋಧಾದ ಆಕಾಶವನ್ನು ಬಹುಪಾಲು ಕಂಪ್ಯೂಟರಿನಲ್ಲಿಯೇ ಕಟ್ಟಬೇಕಾಯಿತು. 1997ರಲ್ಲಿ ‘ಬಾರ್ಡರ್’ ಚಿತ್ರ ಬಂದಾಗ ಈ ಅಡಚಣೆ ಇರಲಿಲ್ಲ. ಲೋಂಗೇವಾಲಾ ಕದನದಲ್ಲಿ ಪಾಲ್ಗೊಂಡಿದ್ದ ಹಂಟರ್ ಜಾತಿಯ ವಿಮಾನಗಳು ಆಗಲೂ ವಾಯುಪಡೆಯಲ್ಲಿ ಹಾರುತ್ತಿದ್ದವು. ನಾಲ್ಕು ವರ್ಷಗಳ ನಂತರ, 2001ರಲ್ಲಿ, ಹಂಟರ್ ಕೂಡ ನಿವೃತ್ತಿಯಾಯಿತು.

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂಬುದು ನಮ್ಮ ಹಿರಿಯರ ಮಾತು. ವಿಮಾನಕ್ಕೆ ಈ ಮಾತು ಹೊಂದುವುದಿಲ್ಲ. ಹಾರುತ್ತಿರುವವರೆಗೆ ಅದರ ಬೆಲೆ ಕೋಟಿಗಳಲ್ಲಿ; ಹಾರಾಟ ನಿಂತ ದಿನದಿಂದ ಅದು ತೂಕದ ಲೆಕ್ಕದ ಅಲ್ಯೂಮಿನಿಯಂ. ಈ ಎರಡು ಬೆಲೆಗಳ ನಡುವಿನ ಅಂತರದಲ್ಲಿ ಬ್ರಿಟನ್, ಅಮೆರಿಕ ಮೊದಲಾದ ದೇಶಗಳು ಒಂದು ಉದ್ಯಮವನ್ನೇ ಬೆಳೆಸಿಕೊಂಡಿವೆ. ಆ ಉದ್ಯಮಕ್ಕೆ ಹೋದ ಕಚ್ಚಾ ಸಾಮಗ್ರಿಯಲ್ಲಿ ಒಂದಿಷ್ಟು ಪಾಲು ಬೆಂಗಳೂರಿನಿಂದಲೇ ಹೋದುದೆಂಬುದು ನಮ್ಮ ಸಣ್ಣ ಕೈಗಾರಿಕೋದ್ಯಮಿಗಳು ಅರಿಯಬೇಕಾದ ಸಂಗತಿ.

ಯಲಹಂಕ, ಜಾಲಹಳ್ಳಿಗಳಲ್ಲಿ ಇದ್ದುದೇನು?

ಇಂದು ಏರೋ ಇಂಡಿಯಾ ಪ್ರದರ್ಶನದ ಮೂಲಕ ಜಗತ್ತಿಗೆ ಪರಿಚಿತವಾಗಿರುವ ಯಲಹಂಕದ ವಾಯುನೆಲೆಯ ಇತಿಹಾಸ ಎರಡನೆಯ ಮಹಾಯುದ್ಧದಷ್ಟು ಹಿಂದಕ್ಕೆ ಹೋಗುತ್ತದೆ. 1944ರಲ್ಲಿ ಬರ್ಮಾ ರಣರಂಗಕ್ಕೆ ಹೋಗಲಿದ್ದ ಬ್ರಿಟಿಷ್ ವಾಯುಪಡೆಯ ಹಲವು ದಳಗಳು ಮಸ್ಕಿಟೋ ಮತ್ತು ಥಂಡರ್‌ಬೋಲ್ಟ್ ವಿಮಾನಗಳನ್ನು ನಡೆಸಲು ಇಲ್ಲಿಯೇ ತರಬೇತಿ ಪಡೆದವು. ಮಸ್ಕಿಟೋ ಮರದಿಂದ ತಯಾರಾದ ವಿಮಾನ. ಅದೇ ವರ್ಷದ ಕೊನೆಯಲ್ಲಿ ಭಾರತದಲ್ಲಿದ್ದ ಕೆಲವು ಮಸ್ಕಿಟೋಗಳ ರೆಕ್ಕೆಗಳು ಹಾರಾಟದಲ್ಲಿಯೇ ಕಳಚಿದಾಗ, ಮರದ ಪದರಗಳನ್ನು ಕೂಡಿಸಿದ ಅಂಟಿನ ಜೋಡಣೆಯಲ್ಲಿದ್ದ ದೋಷಗಳೂ ಇಲ್ಲಿನ ಬಿಸಿಲು ಮತ್ತು ತೇವದ ಪರಿಣಾಮವೂ ತನಿಖೆಗೆ ಒಳಗಾದವು. ವಿಮಾನವೊಂದರ ಆಯುಷ್ಯ ಅಂಟಿನಂತಹ ಸಣ್ಣ ಸಾಮಗ್ರಿಯ ಮೇಲೆ ನಿಂತಿರುತ್ತದೆಂಬ ಪಾಠವನ್ನು ತಂತ್ರಜ್ಞರು ಹೀಗೆ ಬಲು ದುಬಾರಿ ಬೆಲೆ ತೆತ್ತು ಕಲಿತರು.

ಯಶವಂತಪುರದಿಂದ ಅನತಿ ದೂರದ ಜಾಲಹಳ್ಳಿಯಲ್ಲಿ ವಾಯುಪಡೆಯ ತಾಂತ್ರಿಕ ಕಾಲೇಜು ಇದೆ. ಸ್ವಾತಂತ್ರ್ಯಾನಂತರದ ವರ್ಷಗಳಲ್ಲಿ, ಎಂ.ವಿ. 293 ಎಂಬ ಸಂಖ್ಯೆಯ ಸ್ಪಿಟ್‌ಫೈರ್ ವಿಮಾನವೊಂದು ಹಾರಾಟದಿಂದ ನಿವೃತ್ತವಾಗಿ ಇಲ್ಲಿ ವಿದ್ಯಾರ್ಥಿಗಳ ಪಾಠಕ್ಕೆ ಬಳಕೆಯಾಯಿತು. 1970ರ ದಶಕದ ಉತ್ತರಾರ್ಧದಲ್ಲಿ ಬ್ರಿಟಿಷ್ ಸಂಗ್ರಾಹಕರು ಭಾರತದ ನೆಲೆಗಳಲ್ಲಿ ನಿಂತಿದ್ದ ಸ್ಪಿಟ್‌ಫೈರ್‌ಗಳನ್ನು ಹುಡುಕಿಕೊಂಡು ಬಂದರು. ಆಗ ಕಡಲು ದಾಟಿದ ಹಲವಾರು ವಿಮಾನಗಳಲ್ಲಿ ಜಾಲಹಳ್ಳಿಯದೂ ಒಂದು. ವರ್ಷಗಳ ದುರಸ್ತಿಯ ನಂತರ 1992ರಲ್ಲಿ ಅದು ಇಂಗ್ಲೆಂಡಿನಲ್ಲಿ ಮತ್ತೆ ಆಕಾಶಕ್ಕೇರಿತು. ಡಕ್ಸ್‌ಫರ್ಡ್‌ನ ವೈಮಾನಿಕ ಪ್ರದರ್ಶನಗಳಲ್ಲಿ ಟಿಕೆಟ್ ಕೊಂಡು ಬಂದ ಪ್ರೇಕ್ಷಕರು ಅದನ್ನು ನೋಡಿ ಸಂತೋಷಪಟ್ಟರು. ಹಾರುವ ಸ್ಪಿಟ್‌ಫೈರ್‌ನ ಬೆಲೆಯ ಅಂದಾಜು ಬೇಕಾದವರು 2015ರ ಒಂದು ಹರಾಜನ್ನು ನೋಡಬಹುದು: ಆ ವರ್ಷ ಲಂಡನ್ನಿನಲ್ಲಿ ಬೇರೊಂದು ಸ್ಪಿಟ್‌ಫೈರ್ 31 ಲಕ್ಷ ಪೌಂಡಿಗೆ ಮಾರಾಟವಾಯಿತು.

ನಗರದ ಪೂರ್ವಭಾಗದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯ ಕಥೆ ಇದಕ್ಕಿಂತಲೂ ಸ್ವಾರಸ್ಯಕರವಾದುದು. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಯೋಗದಲ್ಲಿ ಆರಂಭಿಸಿದ ಈ ಕಾರ್ಖಾನೆಯು ಯುದ್ಧಕಾಲದಲ್ಲಿ ಅಮೆರಿಕದ ವಾಯುಸೇನೆಯ ದುರಸ್ತಿ ಕೇಂದ್ರವಾಗಿತ್ತು. ಯುದ್ಧ ಮುಗಿದಾಗ ಕಾನ್‌ಪುರದಲ್ಲಿ ಲಿಬರೇಟರ್ ಬಾಂಬರ್‌ಗಳ ದೊಡ್ಡ ರಾಶಿಯೇ ಉಳಿಯಿತು. ಮತ್ತೆ ಯಾರೂ ಬಳಸಬಾರದೆಂದು ಅವುಗಳನ್ನು ಬೇಕೆಂದೇ ಹಾಳುಗೆಡವಲಾಗಿತ್ತು. 1948ರಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆಯ ತಂತ್ರಜ್ಞರು ಅಲ್ಲಿಗೆ ತೆರಳಿ, ಒಂದರ ಭಾಗವನ್ನು ಮತ್ತೊಂದಕ್ಕೆ ಜೋಡಿಸಿ, ಹಾರಲು ಸಾಧ್ಯವಾಗುವಷ್ಟು ಸರಿಪಡಿಸಿದರು. ಪರೀಕ್ಷಾ ಪೈಲಟ್ ಜಮ್‌ಷೆಡ್ ಮುನ್ಶಿಯವರು ಅವುಗಳನ್ನು ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ಣ ದುರಸ್ತಿ ಹೊಂದಿದ ಲಿಬರೇಟರ್‌ಗಳು 1968ರ ಕೊನೆಯವರೆಗೂ ವಾಯುಪಡೆಯಲ್ಲಿ ದುಡಿದವು.

ಉಳಿದ ದೇಶಗಳು ತಮ್ಮ ಲಿಬರೇಟರ್‌ಗಳನ್ನು ಕರಗಿಸಿ ಪಾತ್ರೆ ಮಾಡಿದ್ದ ಕಾಲವದು. ಹೀಗಾಗಿ ಬ್ರಿಟನ್ನಿನ ವಾಯುಪಡೆ ಸಂಗ್ರಹಾಲಯವೂ ಅಮೆರಿಕದ ಸಂಗ್ರಹಕಾರರೂ ಲಿಬರೇಟರ್ ಬೇಕಾದಾಗ ಭಾರತದ ಕಡೆ ನೋಡಿದರು. ಭಾರತದಿಂದ ಹೋದ ಒಂದು ಲಿಬರೇಟರ್ ಅನ್ನು ಅಮೆರಿಕದ ಕಾಲಿಂಗ್ಸ್ ಪ್ರತಿಷ್ಠಾನವು 1984ರಲ್ಲಿ ಪಡೆದು, ಮೊಳೆಮೊಳೆಯನ್ನೂ ಬಿಚ್ಚಿ ಕಟ್ಟಿ, ಹಲವು ವರ್ಷ ಊರೂರು ಹಾರಿಸಿತು. ಬೆಂಗಳೂರಿನ ಕೆಲಸಗಾರರು ಗುಜರಿಯಿಂದ ಒಮ್ಮೆ ಎಬ್ಬಿಸಿದ್ದ ವಿಮಾನವನ್ನು ಅಮೆರಿಕದವರು ಎರಡನೆಯ ಸಲ ಎಬ್ಬಿಸಿದರು. ವ್ಯತ್ಯಾಸವಿಷ್ಟೆ: ಮೊದಲನೆಯದು ರಕ್ಷಣೆಯ ಅಗತ್ಯ, ಎರಡನೆಯದು ಆದಾಯದ ಮಾರ್ಗ.

ಆಕಾಶದಲ್ಲಿ ಚಿತ್ರೀಕರಣ ನಡೆಯುವ ಬಗೆ

ಹಳೆಯ ವಿಮಾನಗಳ ಬೆಲೆ ಏರಲು ಚಲನಚಿತ್ರಗಳ ಕೊಡುಗೆ ಅಲ್ಪವಲ್ಲ. ಇದಕ್ಕೆ ಮಾದರಿಯಾಗಿ ನಿಲ್ಲುವುದು 1969ರಲ್ಲಿ ತೆರೆಕಂಡ ‘ಬ್ಯಾಟಲ್ ಆಫ್ ಬ್ರಿಟನ್’. ಅದರ ನಿರ್ಮಾಪಕರು ಬ್ರಿಟಿಷ್ ವಾಯುಪಡೆಯ ನಿವೃತ್ತ ಅಧಿಕಾರಿ ಹಮಿಷ್ ಮಹ್ಯಾಡಿ ಅವರನ್ನು ವಿಮಾನ ಸಂಗ್ರಹಕ್ಕೆಂದೇ ನೇಮಿಸಿದರು. ಅವರಿಗೆ ದೊರೆತ 27 ಸ್ಪಿಟ್‌ಫೈರ್‌ಗಳಲ್ಲಿ ಹಾರುವಂತಾದುವು ಹನ್ನೆರಡು ಮಾತ್ರ. ಜರ್ಮನಿಯ ವಿಮಾನಗಳಂತೂ ಜರ್ಮನಿಯಲ್ಲಿ ಉಳಿದಿರಲಿಲ್ಲ. ಅವು ಸಿಕ್ಕಿದ್ದು ಸ್ಪೇನಿನಲ್ಲಿ. ಜರ್ಮನ್ ವಿನ್ಯಾಸಗಳನ್ನು ಪರವಾನಗಿಯಡಿ ತಯಾರಿಸಿದ್ದ ಸ್ಪೇನ್, ಅವುಗಳಿಗೆ ಬ್ರಿಟನ್ನಿನ ರೋಲ್ಸ್ ರಾಯ್ಸ್ ಮರ್ಲಿನ್ ಎಂಜಿನ್ನುಗಳನ್ನು ಕೂಡಿಸಿ ತನ್ನ ವಾಯುಪಡೆಯಲ್ಲಿ ಬಳಸುತ್ತಿತ್ತು. ಹೀಗಾಗಿ ತೆರೆಯ ಮೇಲೆ ಕಾದಾಡಿದ ಎರಡೂ ಪಕ್ಷಗಳ ಹೃದಯ ಒಂದೇ ಕಾರ್ಖಾನೆಯದಾಗಿತ್ತು.

ಚಿತ್ರೀಕರಣಕ್ಕೆ ಬಳಸಿದುದು ಬಿ-25 ಮಿಚೆಲ್ ಎಂಬ ಎರಡು ಎಂಜಿನ್ನಿನ ಹಳೆಯ ಬಾಂಬರ್. ಅದರ ಮೂತಿ, ಪಕ್ಕ, ಬಾಲಗಳಲ್ಲಿ ಕ್ಯಾಮರಾ ನಿಲ್ಲಿಸುವ ಸ್ಥಾನಗಳನ್ನು ಮಾಡಲಾಯಿತು. ಸುತ್ತ ಹಾರುವ ಪೈಲಟ್‌ಗಳಿಗೆ ದೂರದಿಂದಲೇ ಎದ್ದುಕಾಣಲೆಂದು ಅದಕ್ಕೆ ಕಣ್ಣು ಕೋರೈಸುವ ಬಣ್ಣಗಳನ್ನು ಬಳಿದಿದ್ದರು. ಕ್ಯಾಮರಾ ಹೊತ್ತ ವಿಮಾನದ ಆಯ್ಕೆಯೇ ಇಂತಹ ಕೆಲಸದ ಜೀವಾಳ. ಅದು ಚಿತ್ರಿತವಾಗುವ ವಿಮಾನದಷ್ಟೇ ವೇಗದಲ್ಲಿ ಹಾರಬೇಕು, ಅಲುಗಾಟ ಕಡಿಮೆ ಇರಬೇಕು, ಗಾಜಿನ ಅಡ್ಡಿಯಿಲ್ಲದೆ ಕ್ಯಾಮರಾಕ್ಕೆ ನೋಟ ದೊರೆಯಬೇಕು. ಹೆಲಿಕಾಪ್ಟರ್ ನಿಧಾನವಾದ ದೃಶ್ಯಗಳಿಗೆ ಒದಗುತ್ತದೆ. ಹಳೆಯ ಯುದ್ಧವಿಮಾನದ ಸಹಜ ವೇಗವನ್ನು ಹಿಂಬಾಲಿಸಲಾರದು.

ಮೋಡಗಳ ಮಾತು ಬೇರೆಯೇ ಇದೆ. ನಿರ್ಮಲವಾದ ನೀಲಿ ಆಕಾಶದಲ್ಲಿ ವಿಮಾನವು ಎಷ್ಟೇ ವೇಗವಾಗಿ ಹೋದರೂ ತೆರೆಯ ಮೇಲೆ ನಿಂತಂತೆಯೇ ಕಾಣುತ್ತದೆ. ವೇಗ ತಿಳಿಯಲು ಹಿಂದೆ ಸರಿಯುವ ಮೋಡ ಬೇಕು. 1930ರ ‘ಹೆಲ್ಸ್ ಏಂಜಲ್ಸ್’ ಚಿತ್ರಕ್ಕಾಗಿ ಹೊವಾರ್ಡ್ ಹ್ಯೂಸ್ ಮೋಡಗಳಿಗಾಗಿ ದೀರ್ಘಕಾಲ ಕಾದದ್ದು ಸಿನಿಮಾ ಚರಿತ್ರೆಯಲ್ಲಿ ದಾಖಲಾಗಿದೆ. ಕಾಯುವ ದಿನಗಳಲ್ಲಿಯೂ ಪೈಲಟ್, ಮೆಕ್ಯಾನಿಕ್, ವಿಮೆ, ತಂಗುವಿಕೆಗಳ ಖರ್ಚು ನಡೆದೇ ಇರುತ್ತದೆ. ಆಕಾಶ ಚಿತ್ರೀಕರಣದ ಅಂದಾಜುಪಟ್ಟಿಯಲ್ಲಿ ಹಾರಾಟದ ಗಂಟೆಗಳನ್ನು ಮಾತ್ರ ಬರೆದುಕೊಂಡವನು ನಷ್ಟಕ್ಕೆ ಸಿಲುಕುವುದು ಇಲ್ಲಿಯೇ.

ನಿಜವಾದ ವಿಮಾನ ದೊರೆಯದಿದ್ದರೆ ಏನು ಮಾಡಬೇಕೆಂಬುದಕ್ಕೆ 1970ರ ‘ಟೋರಾ! ಟೋರಾ! ಟೋರಾ!’ ಉತ್ತರ ನೀಡಿತು. ಪರ್ಲ್ ಹಾರ್ಬರ್ ದಾಳಿಯ ಜಪಾನಿ ವಿಮಾನಗಳು ಹಾರುವ ಸ್ಥಿತಿಯಲ್ಲಿ ಸಿಗದ ಕಾರಣ, ಅಮೆರಿಕದ ಅಗ್ಗದ ತರಬೇತಿ ವಿಮಾನಗಳ ಒಡಲನ್ನೂ ರೆಕ್ಕೆಬಾಲಗಳನ್ನೂ ಮಾರ್ಪಡಿಸಿ ಜಪಾನಿ ರೂಪ ನೀಡಲಾಯಿತು. ಚಿತ್ರ ಮುಗಿದ ಮೇಲೂ ಆ ‘ವೇಷಧಾರಿ’ ವಿಮಾನಗಳು ದಶಕಗಳ ಕಾಲ ಅಮೆರಿಕದ ವೈಮಾನಿಕ ಪ್ರದರ್ಶನಗಳಲ್ಲಿ ಸಂಪಾದಿಸಿದವು. ‘ಬ್ಯಾಟಲ್ ಆಫ್ ಬ್ರಿಟನ್’ನಲ್ಲಿ ದುಡಿದ ಟೆಕ್ಸಾಸಿನ ಪೈಲಟ್ ವಿಲ್ಸನ್ ಎಡ್ವರ್ಡ್ಸ್ ತಮ್ಮ ಸಂಭಾವನೆಯ ಒಂದು ಭಾಗವನ್ನು ಹಣದ ಬದಲು ವಿಮಾನಗಳ ರೂಪದಲ್ಲಿ ಪಡೆದರು, ದಶಕಗಳ ನಂತರ ಅವುಗಳಿಗೆ ಸಂಗ್ರಾಹಕರು ಮುಗಿಬಿದ್ದರು. 2017ರ ‘ಡನ್‌ಕರ್ಕ್’ನಲ್ಲಿ ಕ್ರಿಸ್ಟಫರ್ ನೋಲನ್ ನಿಜವಾದ ಸ್ಪಿಟ್‌ಫೈರ್‌ಗಳ ಜೊತೆಗೆ, ಎರಡು ಆಸನಗಳ ಯಾಕ್ ವಿಮಾನವೊಂದಕ್ಕೆ ಸ್ಪಿಟ್‌ಫೈರ್‌ನ ಹೊರರೂಪ ಕೊಟ್ಟು, ಮುಂದೆ ನಟನನ್ನೂ ಹಿಂದೆ ಪೈಲಟನ್ನೂ ಕೂರಿಸಿ ಚಿತ್ರೀಕರಿಸಿದರು.

ಕಂಪ್ಯೂಟರ್ ಇರುವಾಗ ಇಷ್ಟೆಲ್ಲ ಏಕೆಂಬ ಪ್ರಶ್ನೆ ಸಹಜ. ಗುಬ್ಬಿ ವೀರಣ್ಣನವರ ಕಂಪನಿಯು ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆಕುದುರೆಗಳನ್ನೇ ರಂಗಕ್ಕೆ ತಂದಾಗ ಜನ ಊರೂರಿನಿಂದ ಗಾಡಿ ಕಟ್ಟಿಕೊಂಡು ಏಕೆ ಬಂದರೋ, ಇದಕ್ಕೂ ಕಾರಣ ಅದೇ. ಅಲ್ಲದೆ, ಕಂಪ್ಯೂಟರಿನಲ್ಲಿ ವಿಮಾನ ಬಿಡಿಸುವವರಿಗೂ ಲೋಹದ ಮೇಲೆ ಬೆಳಕು ಬೀಳುವ ಬಗೆ, ಎಂಜಿನ್ನಿನ ಸದ್ದು, ರೆಕ್ಕೆಯ ಅದುರಾಟ ಇವುಗಳ ನೈಜ ಮಾದರಿ ಬೇಕಾಗುತ್ತದೆ. ಮಾದರಿಯೇ ಇಲ್ಲದೆ ಬಿಡಿಸಿದ ಚಿತ್ರ ಕಣ್ಣಿಗೆ ಹಗುರವಾಗಿ ಕಾಣುತ್ತದೆ.

ಹಾರಿಸುವುದಕ್ಕೆ ಬೇಕಾದುದು

ಭಾರತದಲ್ಲಿಯೂ ಹಳೆಯ ವಿಮಾನಗಳನ್ನು ಹಾರಿಸುವ ಪ್ರಯತ್ನ ನಡೆದಿಲ್ಲವೆಂದಲ್ಲ. ಬೆಂಗಳೂರಿನ ಉದ್ಯಮಿ ಹಾಗೂ ಅಂದಿನ ರಾಜ್ಯಸಭಾ ಸದಸ್ಯ ರಾಜೀವ್ ಚಂದ್ರಶೇಖರ್ ಅವರು ಗುಜರಿಗೆ ಬಿದ್ದಿದ್ದ ಡಕೋಟಾ ವಿಮಾನವೊಂದನ್ನು 2011ರಲ್ಲಿ ಕೊಂಡು, ಬ್ರಿಟನ್ನಿನಲ್ಲಿ ವರ್ಷಗಳ ಕಾಲ ದುರಸ್ತಿ ಮಾಡಿಸಿ, ಡಕೋಟಾ ಪೈಲಟ್ ಆಗಿದ್ದ ತಮ್ಮ ತಂದೆ ಏರ್ ಕಮಡೋರ್ ಎಂ.ಕೆ. ಚಂದ್ರಶೇಖರ್ ಅವರ ಗೌರವಾರ್ಥ ವಾಯುಪಡೆಗೆ ಕಾಣಿಕೆಯಾಗಿ ನೀಡಿದರು. 2018ರ ಏಪ್ರಿಲ್‌ನಲ್ಲಿ ಅದು ಇಂಗ್ಲೆಂಡಿನಿಂದ ಹಲವು ದೇಶಗಳನ್ನು ದಾಟಿ ಜಾಮ್‌ನಗರಕ್ಕೆ ಹಾರಿಬಂದಿತು. ಮೇ 4ರಂದು ಹಿಂಡನ್ ನೆಲೆಯಲ್ಲಿ ಸೇರ್ಪಡೆಯಾಯಿತು. ಅದಕ್ಕೆ ‘ಪರಶುರಾಮ’ ಎಂದು ಹೆಸರು. 1947ರ ಅಕ್ಟೋಬರ್ 27ರಂದು ಸೈನಿಕರನ್ನು ಹೊತ್ತು ಶ್ರೀನಗರದಲ್ಲಿಳಿದ ಡಕೋಟಾದ ವಿ.ಪಿ. 905 ಎಂಬ ಸಂಖ್ಯೆಯನ್ನೇ ಅದಕ್ಕೆ ನೀಡಲಾಗಿದೆ. 2021ರ ಏರೋ ಇಂಡಿಯಾ ಸಂದರ್ಭದಲ್ಲಿ ಯಲಹಂಕದ ಜನರಿಗೂ ಅದರ ದರ್ಶನವಾಯಿತು. ವಾಯುಪಡೆಯ ಟೈಗರ್ ಮಾತ್ ವಿಮಾನವೂ ಹೀಗೆಯೇ ಬ್ರಿಟನ್ನಿನಲ್ಲಿ ಪುನರುಜ್ಜೀವನಗೊಂಡು 2012ರ ವಾಯುಪಡೆ ದಿನದಂದು ಹಾರಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಟೈಗರ್ ಮಾತ್ ಬೆಂಗಳೂರಿನ ವಿಮಾನ ಕಾರ್ಖಾನೆಯ ಕೈ ಪಳಗಿದ್ದ ವಿಮಾನ. ಡಕೋಟಾಗಳೂ ಇಲ್ಲಿ ದುರಸ್ತಿಯಾಗುತ್ತಿದ್ದವು. ಅದೇ ಕೆಲಸಕ್ಕೆ ಈಗ ವಿಮಾನಗಳು ಬ್ರಿಟನ್ನಿಗೆ ಹೋಗಬೇಕಾಯಿತು. ಕೈಚಳಕ ಕಳೆದುಹೋದುದರಿಂದ ಹೀಗಾಯಿತೇ ಎಂದರೆ, ಪೂರ್ತಿ ಹಾಗೆನ್ನಲಾಗದು. ಪೀಣ್ಯ, ಯಶವಂತಪುರ, ಯಲಹಂಕಗಳ ಕಾರ್ಯಾಗಾರಗಳಲ್ಲಿ ಇಂದಿಗೂ ನಡೆಯುವ ಕೆಲಸಗಳನ್ನು ಹಳೆಯ ವಿಮಾನವೊಂದರ ಅಗತ್ಯಗಳ ಪಕ್ಕದಲ್ಲಿಟ್ಟು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ.

ಟೈಗರ್ ಮಾತ್, ಪುಷ್ಪಕ್‌ನಂತಹ ವಿಮಾನಗಳ ರೆಕ್ಕೆಗೆ ಹೊದಿಸುವುದು ಬಟ್ಟೆ. ಅದನ್ನು ಕೈಯಿಂದಲೇ ಹೊಲಿದು, ಬಿಗಿಯಾಗುವಂತೆ ರಾಸಾಯನಿಕ ಲೇಪ ಕೊಡಬೇಕು. ಡಕೋಟಾದಂತಹವುಗಳಿಗೆ ಅಲ್ಯೂಮಿನಿಯಂ ತಗಡಿನ ಕೆಲಸ. ಕೆಲವು ಜಾತಿಯ ರಿವೆಟ್‌ಗಳನ್ನು ಉಷ್ಣ ಸಂಸ್ಕರಣೆಯ ನಂತರ ಶೀತಲ ಪೆಟ್ಟಿಗೆಯಲ್ಲಿಟ್ಟು, ಹೊರತೆಗೆದ ಅಲ್ಪಕಾಲದಲ್ಲಿಯೇ ಹೊಡೆಯಬೇಕು. ತಡವಾದರೆ ಗಡಸಾಗಿ ಬಿರುಕು ಬಿಡುತ್ತವೆ. ಬ್ರಿಟಿಷ್ ವಿಮಾನಗಳ ಬೋಲ್ಟ್‌ಗಳಲ್ಲಿ ಹಳೆಯ ಬ್ರಿಟಿಷ್ ಮಾಪನದ ಮರೆ ಇರುತ್ತದೆ. ಇಂದಿನ ಮೆಟ್ರಿಕ್ ಸಾಮಾನು ಅಲ್ಲಿ ಕೂರದು. ರಬ್ಬರಿನ ಟೈರು, ಕೊಳವೆ, ಸೀಲುಗಳು ಬಳಸದೆ ಇಟ್ಟರೂ ಹಳತಾಗುತ್ತವೆ. ಮೆಗ್ನೀಸಿಯಂ ಮಿಶ್ರಲೋಹದ ಎರಕಗಳು ತೇವಕ್ಕೆ ಪುಡಿಯಾಗುತ್ತವೆ. ಎಂಜಿನ್ನಿನ ಬೇರಿಂಗು, ಪಿಸ್ಟನ್ ರಿಂಗು, ಕಿಡಿ ಹೊತ್ತಿಸುವ ಮ್ಯಾಗ್ನೆಟೋ ಇವನ್ನೆಲ್ಲ ಒಂದೊಂದಾಗಿ ಮಾಡಿಸಬೇಕು. ಬೇಕಾಗುವುದು ಸಾವಿರ ಸಂಖ್ಯೆಯ ಉತ್ಪಾದನೆಯಲ್ಲ; ಎರಡು, ನಾಲ್ಕು, ಹತ್ತು. ದೊಡ್ಡ ಕಾರ್ಖಾನೆಗೆ ಲಾಭವಾಗದ, ಸಣ್ಣ ಕಾರ್ಯಾಗಾರಕ್ಕೆ ಹೇಳಿಮಾಡಿಸಿದ ಪ್ರಮಾಣವಿದು.

ಹಾಗಾದರೆ ಬಾಗಿಲು ಮುಚ್ಚಿರುವುದೆಲ್ಲಿ? ಕಾಗದದಲ್ಲಿ. ವಿಮಾನಕ್ಕೆ ಹೋಗುವ ಪ್ರತಿಯೊಂದು ಬೋಲ್ಟಿಗೂ ಅದರ ಲೋಹ ಯಾವ ತಂಡದ್ದು, ಯಾರು ಪರೀಕ್ಷಿಸಿದರು, ಯಾವ ನಕ್ಷೆಯಂತೆ ಮಾಡಲಾಯಿತು ಎಂಬ ದಾಖಲೆ ಬೇಕು. ದಾಖಲೆ ಇಲ್ಲದ ಭಾಗ ಎಷ್ಟೇ ಚೆನ್ನಾಗಿದ್ದರೂ ವಿಮಾನಕ್ಕೆ ಸಲ್ಲದು. ಬ್ರಿಟನ್ನಿನಲ್ಲಿ ಹಳೆಯ ವಿಮಾನಗಳಿಗೆ ಪ್ರಯಾಣಿಕ ವಿಮಾನದ ಅರ್ಹತಾ ಪತ್ರದ ಬದಲು ಪ್ರತ್ಯೇಕವಾದ ಹಾರಾಟ ಪರವಾನಗಿ ನೀಡುವ ವ್ಯವಸ್ಥೆ ದಶಕಗಳಿಂದ ಬೆಳೆದುಬಂದಿದೆ. ಆ ಪರವಾನಗಿಗೆ ಬೇಕಾದ ಪರಿಶೀಲನೆಯನ್ನು ಬಲ್ಲ ಇಂಜಿನಿಯರುಗಳ ಪಡೆಯೂ ಅದರ ಜೊತೆಗೇ ಬೆಳೆದಿದೆ. ನಮ್ಮಲ್ಲಿ ಉಪಕರಣವಿದೆ, ಕೈ ಇದೆ. ನಕ್ಷೆಗಳ ಸಂಗ್ರಹವೂ ಪರಿಶೀಲಕರ ಪರಂಪರೆಯೂ ಬೆಳೆಯಬೇಕಾಗಿದೆ.

ಇಂಧನದ ವಿಚಾರವೂ ಹೀಗೆಯೇ. ಹಳೆಯ ಪಿಸ್ಟನ್ ಎಂಜಿನ್ನುಗಳಿಗೆ ಬೇಕಾದುದು ವಿಮಾನದ ಪೆಟ್ರೋಲ್. ನಮ್ಮ ನಿಲ್ದಾಣಗಳಲ್ಲಿ ಸುಲಭವಾಗಿ ದೊರೆಯುವುದು ಜೆಟ್ ಎಂಜಿನ್ನಿನ ಇಂಧನ. ವಿಮಾನದ ಪೆಟ್ರೋಲನ್ನು ಹಿಂದೆ ಆಮದು ಮಾಡಿಕೊಳ್ಳಲಾಗುತ್ತಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯು ದೇಶದಲ್ಲಿಯೇ ತಯಾರಿಸಿದ ಇಂಧನವನ್ನು ಬಿಡುಗಡೆ ಮಾಡಿತು. ತರಬೇತಿ ಶಾಲೆಗಳಿಗೆ ಅನುಕೂಲವಾದ ಈ ಕ್ರಮ, ಹಳೆಯ ವಿಮಾನಗಳಿಗೂ ಒಂದು ಅಡ್ಡಿಯನ್ನು ಸಡಿಲಿಸಿತು.

ಅಪಾಯದ ಲೆಕ್ಕ

ಈ ವ್ಯವಹಾರದ ಇನ್ನೊಂದು ಮುಖವನ್ನು ಮರೆಮಾಚುವುದು ಸರಿಯಲ್ಲ. ‘ಹೆಲ್ಸ್ ಏಂಜಲ್ಸ್’ ಚಿತ್ರೀಕರಣದಲ್ಲಿಯೇ ಪೈಲಟ್‌ಗಳು ಪ್ರಾಣ ಕಳೆದುಕೊಂಡಿದ್ದರು. 1985ರಲ್ಲಿ ‘ಟಾಪ್ ಗನ್’ ಚಿತ್ರಕ್ಕಾಗಿ ಗಿರಕಿ ಹೊಡೆಯುವ ದೃಶ್ಯವನ್ನು ತೆಗೆಯುತ್ತಿದ್ದ ಅನುಭವಿ ಪೈಲಟ್ ಆರ್ಟ್ ಶೋಲ್ ಅವರ ವಿಮಾನ ಪೆಸಿಫಿಕ್ ಸಾಗರದಲ್ಲಿ ಬಿದ್ದಿತು. 1989ರಲ್ಲಿ ‘ಮೆಂಫಿಸ್ ಬೆಲ್’ ಚಿತ್ರೀಕರಣದ ವೇಳೆ ಇಂಗ್ಲೆಂಡಿನಲ್ಲಿ ಹಳೆಯ ಬಿ-17 ಬಾಂಬರ್ ಒಂದು ಮೇಲೇರುವಾಗಲೇ ಅಪಘಾತಕ್ಕೀಡಾಗಿ ಸುಟ್ಟುಹೋಯಿತು. ಒಳಗಿದ್ದವರು ಅದೃಷ್ಟವಶಾತ್ ಉಳಿದರು. ಭಾರತದಿಂದ ಹೋದ ಲಿಬರೇಟರ್ ಅನ್ನು ಹಾರಿಸುತ್ತಿದ್ದ ಅದೇ ಕಾಲಿಂಗ್ಸ್ ಪ್ರತಿಷ್ಠಾನದ ಬಿ-17 ವಿಮಾನ 2019ರ ಅಕ್ಟೋಬರ್‌ನಲ್ಲಿ ಅಪಘಾತಕ್ಕೀಡಾಗಿ ಏಳು ಜನ ಮಡಿದರು. ಮರುವರ್ಷ ಅಮೆರಿಕದ ವಿಮಾನಯಾನ ಪ್ರಾಧಿಕಾರವು ಪ್ರಯಾಣಿಕರನ್ನು ಕರೆದೊಯ್ಯಲು ಆ ಸಂಸ್ಥೆಗಿದ್ದ ಅನುಮತಿಯನ್ನು ಹಿಂತೆಗೆದುಕೊಂಡಿತು.

ದೂರದ ಉದಾಹರಣೆಗಳೇ ಬೇಕಿಲ್ಲ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಕನ್ನಡ ಚಿತ್ರವೊಂದಕ್ಕಾಗಿ ಹೆಲಿಕಾಪ್ಟರಿನಿಂದ ನೀರಿಗೆ ಧುಮುಕಿದ ಇಬ್ಬರು ನಟರು ಮುಳುಗಿ ಸತ್ತರು. 2019ರ ಫೆಬ್ರವರಿ 19ರಂದು, ಏರೋ ಇಂಡಿಯಾದ ಮುನ್ನಾದಿನ, ಯಲಹಂಕದ ಆಕಾಶದಲ್ಲಿ ತಾಲೀಮು ನಡೆಸುತ್ತಿದ್ದ ಸೂರ್ಯಕಿರಣ ತಂಡದ ಎರಡು ವಿಮಾನಗಳು ಡಿಕ್ಕಿಯಾಗಿ ಒಬ್ಬ ಪೈಲಟ್ ವೀರಮರಣವನ್ನಪ್ಪಿದರು. ನುರಿತ ವಾಯುಪಡೆ ಪೈಲಟ್‌ಗಳಿಗೇ ಹತ್ತಿರದ ಹಾರಾಟ ಇಷ್ಟು ಕಠಿಣವಾದರೆ, ಚಿತ್ರತಂಡದ ಅವಸರದಲ್ಲಿ ಅದು ಇನ್ನೆಷ್ಟು ಅಪಾಯಕರವೆಂಬುದನ್ನು ಊಹಿಸಬಹುದು. ವಿಮೆ, ರಕ್ಷಣಾ ಸಾಮಗ್ರಿ, ಸ್ಥಳದಲ್ಲಿಯೇ ಸಿದ್ಧವಾಗಿರುವ ರಕ್ಷಣಾ ತಂಡ ಇವು ಅಂದಾಜುಪಟ್ಟಿಯ ಮೊದಲ ಸಾಲುಗಳಾಗಬೇಕೇ ಹೊರತು, ಉಳಿದ ಹಣದಲ್ಲಿ ಮಾಡುವ ವೆಚ್ಚಗಳಾಗಬಾರದು.

ಉತ್ತರ ಬೆಂಗಳೂರಿನ ಆಕಾಶ ಈಗ ಬಿಡುವಿಲ್ಲದ್ದು. 1948ರಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಆರಂಭವಾದಾಗ ಜಕ್ಕೂರು ಹೊಲಗದ್ದೆಗಳ ನಡುವಿನ ಊರು. 1997ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಡೆಕ್ಕನ್ ಏವಿಯೇಷನ್ ಇಲ್ಲಿಂದಲೇ ಹೆಲಿಕಾಪ್ಟರ್ ಸೇವೆ ಆರಂಭಿಸಿತು. 2008ರಲ್ಲಿ ದೇವನಹಳ್ಳಿಯ ಅಂತರರಾಷ್ಟ್ರೀಯ ನಿಲ್ದಾಣ ಬಂದ ಮೇಲೆ, ಜಕ್ಕೂರು, ಯಲಹಂಕ, ದೇವನಹಳ್ಳಿ ಮೂರೂ ಬಳ್ಳಾರಿ ರಸ್ತೆಯ ಉದ್ದಕ್ಕೂ ಒಂದರ ಬೆನ್ನಿಗೆ ಒಂದು ನಿಂತಿವೆ. ಇಲ್ಲಿ ಡ್ರೋನಿಗೆ ಕಟ್ಟಿದ ಕ್ಯಾಮರಾ ಹಾರಿಸುವುದಕ್ಕೂ ಮುಂಚೆ ‘ಡಿಜಿಟಲ್ ಸ್ಕೈ’ ನಕ್ಷೆಯಲ್ಲಿ ಕೆಂಪು, ಹಳದಿ, ಹಸಿರು ವಲಯಗಳನ್ನು ನೋಡಿಕೊಳ್ಳಬೇಕು. 2021ರ ಡ್ರೋನ್ ನಿಯಮಗಳು ಹಸಿರು ವಲಯದಲ್ಲಿ 400 ಅಡಿಯವರೆಗೂ, ನಿಲ್ದಾಣದ ಆವರಣದಿಂದ 8ರಿಂದ 12 ಕಿಲೋಮೀಟರ್ ದೂರದ ಪ್ರದೇಶದಲ್ಲಿ 200 ಅಡಿಯವರೆಗೂ ಅವಕಾಶ ಕಲ್ಪಿಸಿದವು. ಸೇನೆಯ ಕಥಾವಸ್ತು ಅಥವಾ ನೆಲೆಗಳನ್ನು ಬಳಸುವ ಚಿತ್ರಕ್ಕೆ ರಕ್ಷಣಾ ಸಚಿವಾಲಯದ ಒಪ್ಪಿಗೆ ಪ್ರತ್ಯೇಕ. ಹೀಗಿರುವಾಗ ಹಳೆಯ ವಿಮಾನಗಳ ಕದನ ದೃಶ್ಯವನ್ನು ಹೆಬ್ಬಾಳದ ಮೇಲೆ ತೆಗೆಯುವ ಕನಸು ಬೇಡ. ಕೆಲಸ ಇಲ್ಲಿ, ಹಾರಾಟ ಬೇರೆಡೆ ಎಂಬುದೇ ಕಾರ್ಯಸಾಧ್ಯವಾದ ದಾರಿ.

ಸಣ್ಣ ಉದ್ಯಮಕ್ಕೆ ದಾರಿ

ಹಾರುವ ವಿಮಾನವನ್ನೇ ಸಿದ್ಧಪಡಿಸುವುದು ಮೊದಲ ಹೆಜ್ಜೆಯಾಗಬೇಕಿಲ್ಲ. ಯುದ್ಧಚಿತ್ರದ ವೈಮಾನಿಕ ದೃಶ್ಯಗಳಲ್ಲಿ ದೊಡ್ಡ ಪಾಲು ನೆಲದ ಮೇಲೆಯೇ ನಡೆಯುತ್ತದೆ. ನಟ ಕೂರುವ ಕಾಕ್‌ಪಿಟ್, ಅದನ್ನು ಎಲ್ಲ ದಿಕ್ಕಿಗೂ ವಾಲಿಸುವ ಹೈಡ್ರಾಲಿಕ್ ಚೌಕಟ್ಟು, ರನ್‌ವೇ ಪಕ್ಕದಲ್ಲಿ ಸಾಲಾಗಿ ನಿಲ್ಲುವ ಪೂರ್ಣಗಾತ್ರದ ಮಾದರಿಗಳು, ಅಳತೆಯ ಮಾಪಕಗಳು, ಡಮ್ಮಿ ಕ್ಷಿಪಣಿಗಳು ಇವು ಹಾರುವ ಭಾಗಗಳಲ್ಲವಾದ್ದರಿಂದ ಹಾರಾಟದ ಅರ್ಹತಾ ಪತ್ರ ಬೇಡುವುದಿಲ್ಲ. ಫೈಬರ್‌ಗ್ಲಾಸ್, ಶೀಟ್ ಮೆಟಲ್, ಹೈಡ್ರಾಲಿಕ್ ಬಲ್ಲ ಯಾವುದೇ ಘಟಕ ಇವುಗಳನ್ನು ಮಾಡಬಲ್ಲದು. ಅಳತೆಗೆ ಬೇಕಾದ ಮೂಲಗಳೂ ನಗರದಲ್ಲಿಯೇ ಇವೆ: 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿದ, ಬೆಂಗಳೂರಿನಲ್ಲಿಯೇ ರೂಪುಗೊಂಡ ಮರುತ್ ಯುದ್ಧವಿಮಾನವನ್ನು 2001ರಲ್ಲಿ ಆರಂಭವಾದ ಎಚ್‌ಎಎಲ್ ಸಂಗ್ರಹಾಲಯದಲ್ಲಿಯೂ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿಯೂ ಕಾಣಬಹುದು. 1971ರ ಯುದ್ಧದಲ್ಲಿ ಪಾಲ್ಗೊಂಡ ಈ ವಿಮಾನದ ಕಥೆಯನ್ನು ಯಾರಾದರೂ ಚಿತ್ರವಾಗಿಸಹೊರಟರೆ, ಮಾದರಿ ತಯಾರಿಸಲು ಇದಕ್ಕಿಂತ ತಕ್ಕ ಊರು ಇನ್ನೊಂದಿಲ್ಲ.

ಎರಡನೆಯ ಹೆಜ್ಜೆ ವಿದೇಶದ ದುರಸ್ತಿ ಸಂಸ್ಥೆಗಳಿಗೆ ಬಿಡಿಭಾಗ ಒದಗಿಸುವುದು. ವೈಮಾನಿಕ ಗುಣಮಟ್ಟದ ಎಎಸ್ 9100 ಪ್ರಮಾಣಪತ್ರ ಪಡೆದ ಘಟಕಗಳು ಬೆಂಗಳೂರಿನಲ್ಲಿ ಕಡಿಮೆಯಿಲ್ಲ. ಇಂದಿನ ಪ್ರಯಾಣಿಕ ವಿಮಾನಗಳಿಗೆ ಭಾಗ ಮಾಡಿಕೊಡುವ ಶಿಸ್ತು ಅವುಗಳಿಗೆ ಒಗ್ಗಿದೆ. ಮೂಲ ನಕ್ಷೆಯನ್ನೂ ಪರಿಶೀಲನೆಯ ಹೊಣೆಯನ್ನೂ ಖರೀದಿದಾರನೇ ಹೊರುವ ಕರಾರಾದರೆ, ನಾಲ್ಕಾರು ತುಂಡುಗಳ ಆದೇಶವೂ ಲಾಭದಾಯಕವಾಗಬಲ್ಲದು. ಮೂರನೆಯ ಹೆಜ್ಜೆಯಾದ ಸಂಪೂರ್ಣ ಪುನರುಜ್ಜೀವನಕ್ಕೆ ಸರ್ಕಾರ, ವಾಯುಪಡೆ, ಎಚ್‌ಎಎಲ್ ಹಾಗೂ ನಾಗರಿಕ ವಿಮಾನಯಾನ ನಿರ್ದೇಶನಾಲಯಗಳು ಒಂದೇ ಮೇಜಿನ ಸುತ್ತ ಕೂರಬೇಕಾಗುತ್ತದೆ. ವಾಣಿಜ್ಯ ಸಂಘಗಳು ಒತ್ತಾಸೆಯಾಗಿ ನಿಲ್ಲಬಹುದಾದ ಎಡೆ ಇದು.

ಅಲ್ಲಿಯವರೆಗೆ ಮಾಡಬಹುದಾದ, ಖರ್ಚಿಲ್ಲದ ಕೆಲಸವೊಂದಿದೆ. ರಿವೆಟ್ ಹೊಡೆದ, ರೆಕ್ಕೆಗೆ ಬಟ್ಟೆ ಹೊಲಿದ, ಹಳೆಯ ಎಂಜಿನ್ ಬಿಚ್ಚಿ ಕಟ್ಟಿದ ಹಿರಿಯ ಕುಶಲಕರ್ಮಿಗಳು ಈ ಭಾಗದ ಬಡಾವಣೆಗಳಲ್ಲಿ ನಿವೃತ್ತ ಜೀವನ ನಡೆಸುತ್ತಿದ್ದಾರೆ. ಅವರ ಕೈಯ ಕೆಲಸವನ್ನು ಎಳೆಯರು ನೋಡಿ ಕಲಿಯುವ ಏರ್ಪಾಟು, ಮನೆಗಳ ಅಟ್ಟದಲ್ಲಿರುವ ಕೈಪಿಡಿ, ನಕ್ಷೆಗಳ ಸಂಗ್ರಹ ಇವು ಇಂದೇ ಆಗಬೇಕಾದುವು. ಯಂತ್ರವನ್ನು ಪರದೇಶದಿಂದ ಮರಳಿ ಕೊಂಡು ತರಬಹುದು. ತಿಳಿವಳಿಕೆ ಒಮ್ಮೆ ಹೋದರೆ ಹರಾಜಿಗೂ ಬರುವುದಿಲ್ಲ.

ಜಾಲಹಳ್ಳಿಯ ಸ್ಪಿಟ್‌ಫೈರ್ ಇಲ್ಲಿಂದ ಹೋದಾಗ ಅದು ಪಾಠದ ಕೋಣೆಯ ಸಾಮಾನು. ಅದನ್ನು ಕೊಂಡವರ ಕಣ್ಣಿಗೆ ಕಂಡುದು ಹಾರುವ ವಿಮಾನ. ಮುಂದೊಂದು ದಿನ ಯಲಹಂಕದ ಅಥವಾ ಪೀಣ್ಯದ ಯಾವುದೋ ಷೆಡ್ಡಿನ ಮುಂದೆ ಹಳೆಯ ರೆಕ್ಕೆಯೊಂದು ಬಂದು ನಿಂತಾಗ, ತಕ್ಕಡಿ ತರುವ ಮುನ್ನ ಅದರ ಸಂಖ್ಯೆಯನ್ನೊಮ್ಮೆ ಓದಿಕೊಳ್ಳುವುದು ಒಳಿತು.